ಪ್ರೌಢಶಾಲಾ ಪ್ರವಾಸ ಮತ್ತು ಅನುಭವಾತ್ಮಕ ಕಲಿಕೆ: ಮಲಪ್ರಭಾ ಸೀಮೆಯನ್ನು ಮುಂದಿಟ್ಟುಕೊಂಡು

ಪ್ರೌಢಶಾಲೆಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ತಪ್ಪದೆ ಒಂದು ಸಾಲು ಮೀಸಲಿರುತ್ತದೆ. ಆದರೆ ಅದೇ ಶಾಲೆಯ ಸಮಾಜ ವಿಜ್ಞಾನ, ವಿಜ್ಞಾನ, ಗಣಿತ, ಕನ್ನಡ ವಿಷಯಗಳ ಪಾಠಯೋಜನೆಯನ್ನು ತೆರೆದು ನೋಡಿದರೆ ಆ ಪ್ರವಾಸದ ಸುಳಿವು ಎಲ್ಲಿಯೂ ಸಿಗುವುದಿಲ್ಲ. ಪ್ರವಾಸವು ಪಾಠದ ಭಾಗವೋ ಪಾಠದಿಂದ ಸಿಗುವ ಬಿಡುವೋ ಎಂಬುದು ತೀರ್ಮಾನವಾಗದೆ ಉಳಿದಿರುವುದೇ ಇದಕ್ಕೆ ಕಾರಣ. ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ತಾಲ್ಲೂಕುಗಳ ಪ್ರೌಢಶಾಲೆಗಳನ್ನು ಗಮನದಲ್ಲಿಟ್ಟುಕೊಂಡು, ಅದರಲ್ಲಿಯೂ ಶಿರೋಳದಂತಹ ಕೃಷಿಪ್ರಧಾನ ಗ್ರಾಮದ ಮಕ್ಕಳನ್ನು ಮುಂದಿಟ್ಟುಕೊಂಡು, ಪ್ರವಾಸವನ್ನು ಕಲಿಕೆಯ ವಿಧಾನವನ್ನಾಗಿ ರೂಪಿಸುವುದು ಹೇಗೆ ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ. ದೂರದ ಹಲವು ಸ್ಥಳಗಳನ್ನು ಅವಸರದಲ್ಲಿ ನೋಡಿ ಬರುವುದಕ್ಕಿಂತ, ಹತ್ತಿರದ ಒಂದು ಸ್ಥಳವನ್ನು ಪ್ರಶ್ನೆಯೊಂದಿಗೆ, ಸಾವಧಾನವಾಗಿ, ಮತ್ತೆ ಮತ್ತೆ ನೋಡುವುದೇ ಪ್ರೌಢಶಾಲೆಯ ವಯಸ್ಸಿಗೆ ತಕ್ಕ ಪ್ರವಾಸ ಎಂಬುದು ಇಲ್ಲಿ ಮಂಡಿಸಲಾಗುವ ಮುಖ್ಯ ವಿಚಾರ.

ಅನುಭವಾತ್ಮಕ ಕಲಿಕೆ ಎಂದರೆ ಕಲಿಯುವವರು ವಸ್ತು, ಸ್ಥಳ, ಕೆಲಸ ಅಥವಾ ಜನರೊಂದಿಗೆ ನೇರವಾಗಿ ಒಡನಾಡಿ, ಆ ಒಡನಾಟವನ್ನು ಕುರಿತು ಯೋಚಿಸಿ, ಅದರಿಂದ ತಿಳಿವಳಿಕೆಯನ್ನು ಕಟ್ಟಿಕೊಳ್ಳುವ ಕ್ರಮ. ಇಲ್ಲಿ ಒಡನಾಟದಷ್ಟೇ ಯೋಚನೆಯೂ ಮುಖ್ಯ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲಿ ಪ್ರಕಟವಾದ ‘ಎಕ್ಸ್‌ಪೀರಿಯನ್ಸ್ ಅಂಡ್ ಎಜುಕೇಶನ್’ ಎಂಬ ಕಿರುಪುಸ್ತಕದಲ್ಲಿ, ಅನುಭವವಾದ ಮಾತ್ರಕ್ಕೆ ಅದು ಶಿಕ್ಷಣವಾಗುವುದಿಲ್ಲವೆಂದೂ ಕೆಲವು ಅನುಭವಗಳು ಮುಂದಿನ ಕಲಿಕೆಯ ಆಸಕ್ತಿಯನ್ನೇ ಕುಂದಿಸಬಲ್ಲವೆಂದೂ ವಾದಿಸಿದರು. ಅವರ ವಿಚಾರವನ್ನು ಮುಂದುವರಿಸಿದ ಡೇವಿಡ್ ಕೋಲ್ಬ್ 1984ರಲ್ಲಿ ಅನುಭವಾತ್ಮಕ ಕಲಿಕೆಯನ್ನು ನಾಲ್ಕು ಹಂತಗಳ ಒಂದು ಚಕ್ರವಾಗಿ ವಿವರಿಸಿದರು: ಮೊದಲು ಪ್ರತ್ಯಕ್ಷ ಅನುಭವ, ಆಮೇಲೆ ಅದನ್ನು ಮೆಲುಕು ಹಾಕುವುದು, ಅದರಿಂದ ಒಂದು ಸಾಮಾನ್ಯ ತತ್ತ್ವವನ್ನು ಕಂಡುಕೊಳ್ಳುವುದು, ಕೊನೆಗೆ ಆ ತತ್ತ್ವವನ್ನು ಹೊಸ ಸಂದರ್ಭದಲ್ಲಿ ಪರೀಕ್ಷಿಸುವುದು. ನಮ್ಮ ಶಾಲೆಗಳ ಬಹುತೇಕ ಪ್ರವಾಸಗಳು ಮೊದಲ ಹಂತದಲ್ಲಿಯೇ ನಿಂತುಬಿಡುತ್ತವೆ. ಬಸ್ಸು ಶಾಲೆಯ ಮುಂದೆ ಬಂದು ನಿಂತೊಡನೆ ಪ್ರವಾಸ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ, ಉಳಿದ ಮೂರು ಹಂತಗಳಿಗೆ ಶಾಲೆಯ ವೇಳಾಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ.

ಭಾರತದ ಮಟ್ಟಿಗೆ ಈ ವಿಚಾರ ಹೊರಗಿನಿಂದ ಬಂದ ಸರಕೇನೂ ಅಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆಯು ಮರದ ನೆರಳನ್ನೇ ತರಗತಿಯನ್ನಾಗಿ ಮಾಡಿಕೊಂಡಿತು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣವು ಕೈಕಸುಬಿನ ಮೂಲಕವೇ ಗಣಿತ, ವಿಜ್ಞಾನ, ಸಮಾಜದ ಅರಿವನ್ನು ಕೊಡಬೇಕೆಂದು ಹೇಳಿತು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತು ತಮ್ಮದೇ ಪ್ರಯೋಗಗಳನ್ನು ನಡೆಸಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸುವುದನ್ನು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದನ್ನಾಗಿ ಇರಿಸಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅನುಭವಾತ್ಮಕ ಕಲಿಕೆಯನ್ನು ಎಲ್ಲ ಹಂತಗಳಿಗೂ ಶಿಫಾರಸು ಮಾಡಿ, 6ರಿಂದ 8ನೆಯ ತರಗತಿಯವರಿಗೆ ಪುಸ್ತಕದ ಚೀಲವಿಲ್ಲದ 10 ದಿನಗಳ ಅವಧಿಯನ್ನು ಸೂಚಿಸಿತು. ಅಂದರೆ ತತ್ತ್ವಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಅದು ಒಂದು ಊರಿನ ಶಾಲೆಯಲ್ಲಿ ಆಚರಣೆಗೆ ಇಳಿಯುವ ದಾರಿಯಲ್ಲಿ.

ಇಂದು ರೂಢಿಯಲ್ಲಿರುವ ಪ್ರವಾಸದ ಸ್ವರೂಪವನ್ನು ಎಲ್ಲರೂ ಬಲ್ಲರು. ದೀಪಾವಳಿ ಕಳೆದ ಮೇಲೆ ಪ್ರವಾಸದ ಮಾತು ಆರಂಭವಾಗುತ್ತದೆ, ಡಿಸೆಂಬರಿನಲ್ಲಿ ಇಲಾಖೆಯ ಅನುಮತಿ ಸಿಗುತ್ತದೆ, ಸಾರಿಗೆ ಸಂಸ್ಥೆಯ ಬಸ್ಸು ಗೊತ್ತಾಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಚಿತ್ರದುರ್ಗ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರುಗಳನ್ನು, ಇಲ್ಲವೇ ಶಿರಸಿ, ಜೋಗ, ಮುರ್ಡೇಶ್ವರ, ಗೋಕರ್ಣಗಳನ್ನು ಮುಗಿಸಬೇಕಾಗಿರುವುದರಿಂದ ರಾತ್ರಿಯ ಹೊತ್ತಿನಲ್ಲಿಯೇ ಹೆಚ್ಚಿನ ದಾರಿಯನ್ನು ಕ್ರಮಿಸಬೇಕಾಗುತ್ತದೆ. ನಿದ್ದೆಗೆಟ್ಟ ಮಕ್ಕಳು ಹಳೇಬೀಡಿನ ಭಿತ್ತಿಯ ಮುಂದೆ ಅರ್ಧ ಗಂಟೆ ನಿಂತು, ಫೋಟೊ ತೆಗೆಸಿಕೊಂಡು ಮುಂದಕ್ಕೆ ಹೊರಡುತ್ತಾರೆ. ಇದರಲ್ಲಿ ಸಿಗುವ ಸಂತೋಷವನ್ನು ಅಲ್ಲಗಳೆಯುವುದು ಸರಿಯಲ್ಲ. ಜಿಲ್ಲೆಯ ಗಡಿಯನ್ನೇ ದಾಟದ ಬಾಲಕಿಗೆ ಕಡಲನ್ನು ಮೊದಲ ಸಲ ಕಾಣುವುದು ಬದುಕಿನ ದೊಡ್ಡ ಘಟನೆ, ಗೆಳತಿಯರೊಂದಿಗೆ ಮನೆಯ ಹೊರಗೆ ಕಳೆದ ರಾತ್ರಿ ಅವಳಿಗೆ ಒಂದು ಬಗೆಯ ಸ್ವಾತಂತ್ರ್ಯದ ಮೊದಲ ಪರಿಚಯ. ಆದರೆ ಆ ಪ್ರವಾಸದ ಶುಲ್ಕವನ್ನು ಕಟ್ಟಲಾರದೆ, ಅಥವಾ ಹಿಂಗಾರಿ ಬೆಳೆಯ ಕೆಲಸಕ್ಕೆ ಮನೆಯಲ್ಲಿ ಆಳು ಸಾಲದೆ, ಊರಿನಲ್ಲಿಯೇ ಉಳಿದ ಸಹಪಾಠಿಗಳಿಗೆ ಆ ಸಂತೋಷವೂ ಇಲ್ಲ, ಕಲಿಕೆಯೂ ಇಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ರೂಪಿಸಲಾದ ಕರ್ನಾಟಕ ದರ್ಶನದಂತಹ ಯೋಜನೆಗಳು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿವೆಯಾದರೂ, ಇಡೀ ತರಗತಿ ಒಟ್ಟಾಗಿ ಹೋಗುವ ಪ್ರವಾಸವೆಂಬುದು ನಮ್ಮಲ್ಲಿ ಇನ್ನೂ ಅಪರೂಪ. ತರಗತಿಯ ಅರ್ಧ ಮಕ್ಕಳು ಮಾತ್ರ ಕಂಡದ್ದನ್ನು ಶಿಕ್ಷಕರು ಮರುದಿನದ ಪಾಠದಲ್ಲಿ ಬಳಸುವುದಾದರೂ ಹೇಗೆ?

ಹಾಗಾದರೆ ಶಿರೋಳದ ಶಾಲೆಗೆ ಹತ್ತಿರದಲ್ಲಿ ಏನಿದೆ ಎಂಬ ಪ್ರಶ್ನೆಗೆ ಮಲಪ್ರಭೆಯೇ ಉತ್ತರ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಅಣೆಕಟ್ಟೆಗೆ ಸಿಕ್ಕಿ, ನರಗುಂದ ತಾಲ್ಲೂಕನ್ನು ಸವರಿಕೊಂಡು, ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ನಡುವೆ ಪಟ್ಟದಕಲ್ಲು, ಐಹೊಳೆಗಳನ್ನು ಹಾದು, ಸುಮಾರು 300 ಕಿಲೋಮೀಟರುಗಳ ಹರಿವಿನ ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ಉದ್ದಕ್ಕೂ ಪ್ರೌಢಶಾಲೆಯ ಪಠ್ಯಪುಸ್ತಕಗಳ ಹಲವಾರು ಅಧ್ಯಾಯಗಳು ಕಣ್ಣಿಗೆ ಕಾಣುವಂತೆ ಹರಡಿಕೊಂಡಿವೆ. ಕಣಕುಂಬಿಯನ್ನು ಬಿಟ್ಟರೆ ಮಿಕ್ಕ ಸ್ಥಳಗಳನ್ನೆಲ್ಲ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಂತೆ ಒಂದೊಂದಾಗಿ ನೋಡಬಹುದು.

ಮೊದಲು ನೀರಿನ ಮಾತು. ನವಿಲುತೀರ್ಥದ ರೇಣುಕಾಸಾಗರದ ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಪತ್ರಿಕೆಗಳಲ್ಲಿ ದಿನವೂ ಓದುವ ಈ ಅಳತೆ ಎಷ್ಟು ದೊಡ್ಡದೆಂಬುದು ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಅಂದಾಜಿಗೆ ಸಿಗಬೇಕಾದರೆ, ಅವನು ತನ್ನ ತರಗತಿಯ ಕೋಣೆಯ ಉದ್ದ, ಅಗಲ, ಎತ್ತರವನ್ನು ಅಳೆದು, ಒಂದು ಟಿಎಂಸಿ ನೀರು ಅಂತಹ ಎಷ್ಟು ಕೋಣೆಗಳನ್ನು ತುಂಬೀತೆಂದು ಲೆಕ್ಕ ಹಾಕಿಕೊಂಡು ಅಣೆಕಟ್ಟೆಯ ಮುಂದೆ ನಿಲ್ಲಬೇಕು. ಊರಿನ ಕಾಲುವೆಯ ತೂಬಿನ ಬಳಿ ನೀರುಗಂಟಿಯನ್ನು ಮಾತನಾಡಿಸಿ, ಯಾವ ಹೊಲಕ್ಕೆ ಯಾವ ಪಾಳಿಯಲ್ಲಿ ನೀರು ಹೋಗುತ್ತದೆ, ಕಾಲುವೆಯ ತುದಿಯ ಹೊಲಕ್ಕೆ ಅದು ಮುಟ್ಟುತ್ತದೆಯೇ ಎಂದು ಕೇಳಿ ಬರೆದುಕೊಂಡ ಮಕ್ಕಳಿಗೆ ಸಂಪನ್ಮೂಲ ಹಂಚಿಕೆ ಎಂಬ ಪಾಠವನ್ನು ಬೇರೆ ವಿವರಿಸಬೇಕಾಗಿಲ್ಲ. ಎರೆಮಣ್ಣಿಗೆ ನೀರು ಹೆಚ್ಚಾದಾಗ ಏನಾಗುತ್ತದೆಂಬುದನ್ನೂ ಇದೇ ಸೀಮೆ ತೋರಿಸಿಕೊಡುತ್ತದೆ: ಬಸಿದು ಹೋಗಲಾರದ ನೀರು ನೆಲದೊಳಗೆ ನಿಂತು ಭೂಮಿ ಜವಳಾಗುವುದು, ಆ ನೀರಿನೊಂದಿಗೆ ಮೇಲೇರಿದ ಲವಣ ಬಿಸಿಲಿಗೆ ಬೆಳ್ಳಗೆ ಉಳಿದು ಭೂಮಿ ಸವಳಾಗುವುದು, ಇವೆರಡೂ ಮಲಪ್ರಭಾ ಅಚ್ಚುಕಟ್ಟಿನಲ್ಲಿ ರೈತರು ದಿನವೂ ಅನುಭವಿಸುವ ಸಂಗತಿಗಳು. ಸವಳು ಬಿದ್ದ ಹೊಲದ ಮಣ್ಣನ್ನೂ ಒಳ್ಳೆಯ ಎರೆಮಣ್ಣನ್ನೂ ಬೇರೆ ಬೇರೆ ಗಾಜಿನ ಲೋಟಗಳಲ್ಲಿ ನೀರಿಗೆ ಕದಡಿ, ತಿಳಿಯನ್ನು ಸೋಸಿ, ಬಿಸಿಲಿಗೆ ಇಟ್ಟು ಉಳಿದ ಲವಣವನ್ನು ಹೋಲಿಸಿ ನೋಡುವ ಪ್ರಯೋಗಕ್ಕೆ ಪ್ರಯೋಗಾಲಯವೂ ಬೇಡ, ಹಣವೂ ಬೇಡ.

ನರಗುಂದ ಪಟ್ಟಣದಲ್ಲಿ ಕೆಲವು ವರ್ಷಗಳ ಹಿಂದೆ ಹಳೆಯ ಓಣಿಗಳ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿದ್ದು ನೆಲದೊಳಗೆ ನೀರು ನಿಲ್ಲುವುದಕ್ಕೆ ಸಂಬಂಧಿಸಿದ ಮತ್ತೊಂದು ಪಾಠ. ಮೇಲೇರಿದ ಅಂತರ್ಜಲದ ಜೊತೆಗೆ ಮನೆಗಳ ಕೆಳಗಿರುವ ಹಳೆಯ ಹಗೇವುಗಳನ್ನೂ ಇದಕ್ಕೆ ಕಾರಣವಾಗಿ ಗುರುತಿಸಲಾಯಿತು. ಹಗೇವು ಎಂದರೆ ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಕಾಪಿಡಲು ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ತಳಕ್ಕೂ ಸುತ್ತಲಿನ ಗೋಡೆಗೂ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಮುಚ್ಚಳ ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯುತ್ತಿದ್ದರು. ಕಾಳೂ ಉಸಿರಾಡುತ್ತದೆ, ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಆಮ್ಲಜನಕವಿಲ್ಲದಲ್ಲಿ ಹುಳವೂ ಬದುಕದು ಎಂಬ ಜೀವವಿಜ್ಞಾನ ಆ ಎಚ್ಚರಿಕೆಯಲ್ಲಿ ಅಡಗಿದೆ. ತಮ್ಮ ಓಣಿಯಲ್ಲಿ ಎಷ್ಟು ಹಗೇವುಗಳಿದ್ದವು, ಯಾವಾಗ ಮುಚ್ಚಲಾಯಿತು, ಏತಕ್ಕೆ ಮುಚ್ಚಲಾಯಿತು ಎಂದು ಅಜ್ಜ ಅಜ್ಜಿಯರನ್ನು ಕೇಳಿ, ಓಣಿಯ ನಕ್ಷೆಯಲ್ಲಿ ಗುರುತಿಸಿ, ಹಿರಿಯರು ಹೇಳಿದ ಆಳ ಅಗಲಗಳಿಂದ ಒಂದು ಹಗೇವಿನ ಘನಫಲವನ್ನು ಲೆಕ್ಕ ಹಾಕುವ ಕೆಲಸವು ಬಸ್ಸೇ ಬೇಡದ ಪ್ರವಾಸ. ಮಳೆಯನ್ನೇ ನಂಬಿ, ಬರಗಾಲಕ್ಕಾಗಿ ಜೋಳವನ್ನು ಕೂಡಿಡುತ್ತಿದ್ದ ಬದುಕು ಕಾಲುವೆಯ ನೀರು ಬಂದ ಮೇಲೆ ಹೇಗೆ ಬದಲಾಯಿತೆಂಬ ದೊಡ್ಡ ಕಥನದ ಮುಖ್ಯ ಸಾಕ್ಷಿಯನ್ನು ಮಕ್ಕಳು ಈ ನಕ್ಷೆಯಲ್ಲಿ ತಾವೇ ಕಟ್ಟಿಕೊಡುತ್ತಾರೆ. ಜೋಳದ ಮಾತು ಬಂದಲ್ಲಿ, ಶಿರೋಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯನ್ನೂ ಇದೇ ಕಣ್ಣಿನಿಂದ ನೋಡಲು ಸಾಧ್ಯ: ಎಷ್ಟು ಮನೆಗಳು ರೊಟ್ಟಿ ಬಡಿದುಕೊಡುತ್ತವೆ, ಎಷ್ಟು ಜೋಳ ಬೇಕಾಗುತ್ತದೆ, ಜಾತಿ ಮತದ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ದಾಖಲಿಸುವುದು ಸಮಾಜ ವಿಜ್ಞಾನದ ಒಂದು ಒಳ್ಳೆಯ ಯೋಜನಾಕಾರ್ಯ.

ನದಿಯ ಕೆಳದಂಡೆಗೆ ಸಾಗಿದರೆ ಬಾದಾಮಿ ಚಾಲುಕ್ಯರ ನೆಲ. ಒಂದೇ ದಿನದಲ್ಲಿ ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳನ್ನೆಲ್ಲ ಸುತ್ತಿಸುವ ವಾಡಿಕೆಯನ್ನು ಮೊದಲು ಬಿಡಬೇಕು. ಎಂಟನೆಯ ತರಗತಿಗೆ ಬಾದಾಮಿ ಒಂದೇ ಸಾಕು. ಅಲ್ಲಿನ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಕವರ್ಷ 500ರ ಶಾಸನವಿದೆ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂಬುದನ್ನು ಅಲ್ಲಿಯೇ ಲೆಕ್ಕ ಮಾಡಿ 578 ಎಂದು ಕಂಡುಕೊಂಡ ಮಗುವಿಗೆ ಇಸವಿಯೆಂಬುದು ಬಾಯಿಪಾಠ ಮಾಡುವ ಅಂಕಿಯಾಗಿ ಉಳಿಯುವುದಿಲ್ಲ. ಅಗಸ್ತ್ಯತೀರ್ಥದ ಸಮೀಪದ ಬಂಡೆಯ ಮೇಲೆ ಕೊರೆದಿರುವ, ಸುಮಾರು ಏಳನೆಯ ಶತಮಾನದ ಕೊನೆಯ ಕಾಲದ ಕಪ್ಪೆ ಅರಭಟ್ಟನ ಶಾಸನವು ತ್ರಿಪದಿ ಛಂದಸ್ಸಿನ ತೀರ ಹಳೆಯ ಉದಾಹರಣೆ. ತ್ರಿಪದಿ ಎಂದರೆ ಮೂರು ಸಾಲಿನ ಅಚ್ಚಗನ್ನಡ ಪದ್ಯಜಾತಿ. ಈ ಸೀಮೆಯ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತ ಬಂದದ್ದೂ, ಸರ್ವಜ್ಞನು ಬಳಸಿದ್ದೂ ಇದನ್ನೇ. ಪ್ರವಾಸಕ್ಕೆ ಮೊದಲು ಮನೆಯ ಅಜ್ಜಿಯಿಂದ ಬೀಸುವ ಕಲ್ಲಿನ ಒಂದು ಪದವನ್ನು ಬರೆದುಕೊಂಡು ಬಂದು, ಆ ಬಂಡೆಯ ಮುಂದೆ ನಿಂತು, ಶಾಸನದ ಪಾಠವನ್ನು ಶಿಕ್ಷಕರಿಂದ ಕೇಳಿ, ಎರಡರ ನಡೆಯನ್ನೂ ಹೋಲಿಸಿ ನೋಡಿದ ವಿದ್ಯಾರ್ಥಿನಿಗೆ ತನ್ನ ಮನೆಯ ಹಾಡಿಗೆ ಸಾವಿರದ ಮುನ್ನೂರು ವರ್ಷಗಳ ನೆಂಟಸ್ತಿಕೆಯಿದೆ ಎಂದು ತಿಳಿಯುತ್ತದೆ. ಹಳ್ಳಿಯ ಮಗುವಿಗೆ ತನ್ನ ಭಾಷೆಯ ಬಗೆಗೆ ಇದಕ್ಕಿಂತ ಗಟ್ಟಿಯಾದ ಭರವಸೆಯನ್ನು ಕೊಡಬಲ್ಲ ಪಾಠ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಒಂಬತ್ತನೆಯ ತರಗತಿಗೆ ಪಟ್ಟದಕಲ್ಲು ತಕ್ಕ ಸ್ಥಳ. 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ದೇವಾಲಯ ಸಮೂಹದ ವಿಶೇಷವೆಂದರೆ, ಎರಡು ಶಿಖರ ಪದ್ಧತಿಗಳು ಒಂದೇ ಆವರಣದಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುದು. ದ್ರಾವಿಡ ಶಿಖರವು ಅಂತಸ್ತಿನ ಮೇಲೆ ಅಂತಸ್ತಾಗಿ ಮೇಲೇರುತ್ತದೆ. ನಾಗರ ಶಿಖರವು ಕೆಳಗಿನಿಂದ ತುದಿಯವರೆಗೆ ಒಳಬಾಗಿದ ಒಂದೇ ರೇಖೆಯಲ್ಲಿ ಏರಿ, ನೆಲ್ಲಿಕಾಯಿಯಂತೆ ಗೀರುಗಳಿರುವ ಆಮಲಕವೆಂಬ ಕಲ್ಲಿನಲ್ಲಿ ಮುಗಿಯುತ್ತದೆ. ಈ ವ್ಯತ್ಯಾಸವನ್ನು ಶಿಕ್ಷಕರು ಮೊದಲೇ ಹೇಳಬಾರದು. ಪ್ರತಿ ಗುಂಪಿಗೂ ವಿರೂಪಾಕ್ಷ ಮತ್ತು ಗಳಗನಾಥ ದೇವಾಲಯಗಳ ಹೊರರೇಖೆಯನ್ನು ಕಾಗದದ ಮೇಲೆ ಬರೆಯಲು ಒಂದು ಗಂಟೆಯ ಸಮಯ ಕೊಟ್ಟರೆ, ಎರಡೂ ಒಂದೇ ಬಗೆಯವಲ್ಲವೆಂಬುದನ್ನು ಪೆನ್ಸಿಲ್ ಹಿಡಿದ ಕೈಯೇ ಕಂಡುಕೊಳ್ಳುತ್ತದೆ. ಆಮೇಲೆ ಪಾಪನಾಥ ದೇವಾಲಯದ ಮುಂದೆ ನಿಲ್ಲಿಸಿ, ಇದು ಯಾವ ಪದ್ಧತಿಗೆ ಸೇರುತ್ತದೆ ಎಂದು ಕೇಳಿದರೆ ತರಗತಿಯಲ್ಲಿ ಚರ್ಚೆ ಹುಟ್ಟುತ್ತದೆ, ಏಕೆಂದರೆ ಅದರಲ್ಲಿ ಎರಡೂ ಬೆರೆತಿವೆ. ಕೋಲ್ಬ್ ಹೇಳಿದ ನಾಲ್ಕನೆಯ ಹಂತ, ಅಂದರೆ ಕಂಡುಕೊಂಡ ತತ್ತ್ವವನ್ನು ಹೊಸ ಸಂದರ್ಭದಲ್ಲಿ ಪರೀಕ್ಷಿಸುವುದು, ಅಲ್ಲಿಯೇ ನಡೆದುಹೋಗುತ್ತದೆ. ರಾಣಿ ಲೋಕಮಹಾದೇವಿಯು ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನವು ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನೂ ಹೆಸರಿಸಿ ಗೌರವಿಸಿದೆ. ಕಟ್ಟಿಸಿದವರ ಜೊತೆಗೆ ಕಟ್ಟಿದವರ ಹೆಸರೂ ಉಳಿದಿರುವುದನ್ನು ಕುಶಲಕರ್ಮಿಗಳ, ಕೂಲಿಕಾರರ ಮಕ್ಕಳಿಗೆ ಮರೆಯದೆ ತೋರಿಸಬೇಕು. ಐಹೊಳೆಯ ಮೇಗುತಿಯ ರವಿಕೀರ್ತಿಯ ಶಾಸನ, ಸೂಡಿಯ ನಾಗಕುಂಡ, ಅತ್ತಿಮಬ್ಬೆಯ ಹೆಸರಿನೊಂದಿಗೆ ಬೆಸೆದುಕೊಂಡ ಲಕ್ಕುಂಡಿಯ ಬ್ರಹ್ಮಜಿನಾಲಯ ಇವೆಲ್ಲ ಇದೇ ಕ್ರಮದಲ್ಲಿ ಒಂದೊಂದು ದಿನವನ್ನು ಬೇಡುವಂಥವು.

ಇತಿಹಾಸವೆಂದರೆ ಕಲ್ಲಿನ ಕಟ್ಟಡವಷ್ಟೇ ಅಲ್ಲವೆಂಬುದನ್ನು ತಿಳಿಯಲು ನರಗುಂದದ ಗುಡ್ಡವಿದೆ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಅನುಮತಿ ನಿರಾಕರಿಸಿದಾಗ ಸಿಡಿದೆದ್ದ ನರಗುಂದ ಸಂಸ್ಥಾನದ ಒಡೆಯ ಬಾಬಾಸಾಹೇಬರು, 1858ರ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಬ್ರಿಟಿಷ್ ಅಧಿಕಾರಿಯ ಹತ್ಯೆ, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು, ಇವಿಷ್ಟೂ ಸುಮಾರು ಎರಡು ವಾರಗಳಲ್ಲಿ ನಡೆದ ಸಂಗತಿಗಳು. ಗುಡ್ಡವನ್ನು ಹತ್ತಿ ಸುರೇಬಾನದ ದಿಕ್ಕನ್ನು ಗುರುತಿಸಿ, ದಂಡು ಬಂದಿರಬಹುದಾದ ದಾರಿಯನ್ನು ನಕ್ಷೆಯಲ್ಲಿ ಊಹಿಸುವುದು ಮಕ್ಕಳಿಗೆ ಅತ್ಯಂತ ಹಿಡಿಸುವ ಕೆಲಸ. ಅದಕ್ಕಿಂತ ಈಚಿನ ಇತಿಹಾಸವೂ ಇದೇ ಪಟ್ಟಣದಲ್ಲಿದೆ. ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ಮಲಪ್ರಭಾ ಅಚ್ಚುಕಟ್ಟಿನ ರೈತರ ಹೋರಾಟದಲ್ಲಿ 1980ರ ಜುಲೈ 21ರಂದು ನಡೆದ ಗೋಲಿಬಾರು ಕರ್ನಾಟಕದ ರೈತ ಚಳವಳಿಯ ದಿಕ್ಕನ್ನೇ ಬದಲಾಯಿಸಿತು. ಪ್ರತಿವರ್ಷ ಆ ದಿನ, ಗೋಲಿಬಾರಿನಲ್ಲಿ ಹುತಾತ್ಮನಾದ ರೈತನ ವೀರಗಲ್ಲಿಗೆ ಮಾಲೆ ಹಾಕಲಾಗುತ್ತದೆ. ಆ ದಿನವನ್ನು ಕಣ್ಣಾರೆ ಕಂಡವರಿಗೆ ಈಗ ವಯಸ್ಸಾಗಿದೆ. ಅವರ ಮಾತನ್ನು ಕೇಳಿ ಬರೆದಿಡುವ ಮೌಖಿಕ ಇತಿಹಾಸವನ್ನು, ಅಂದರೆ ನೆನಪುಗಳನ್ನು ಕ್ರಮವಾಗಿ ಸಂಗ್ರಹಿಸಿ ಲಿಖಿತ ದಾಖಲೆಗಳೊಂದಿಗೆ ತಾಳೆ ನೋಡುವ ವಿಧಾನವನ್ನು, ಪ್ರೌಢಶಾಲೆಯ ಮಕ್ಕಳು ಕಲಿಯಬೇಕಾದ ಕಾಲ ಇದೇ. ಇನ್ನು ಹತ್ತು ವರ್ಷ ತಡೆದರೆ ಕೇಳಿಸಿಕೊಳ್ಳಲು ಹೆಚ್ಚಿನವರು ಉಳಿದಿರುವುದಿಲ್ಲ. 2009 ಮತ್ತು 2019ರ ನೆರೆಯನ್ನು ಕಂಡ ನದಿದಂಡೆಯ ಗ್ರಾಮಗಳಲ್ಲಿ ಈ ವಿಧಾನವನ್ನು ಬಳಸಿ, ಗೋಡೆಗಳ ಮೇಲೆ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಅಳೆದು ದಾಖಲಿಸಬಹುದು.

ಗದಗ ಜಿಲ್ಲೆಯೊಳಗೆ ಇನ್ನಷ್ಟು ಸ್ಥಳಗಳಿವೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ತಂಗುವ, 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಮಾಗಡಿ ಕೆರೆ ಒಂದು. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ಇನ್ನೊಂದು.

ಇಷ್ಟಾದರೂ ಸ್ಥಳದ ಆಯ್ಕೆಯಿಂದಲೇ ಪ್ರವಾಸವು ಕಲಿಕೆಯಾಗಿಬಿಡುವುದಿಲ್ಲ. ಹೊರಡುವ ಎರಡು ವಾರ ಮೊದಲೇ ಪ್ರತಿ ಗುಂಪಿನ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು, ಅದು ಸ್ಥಳಕ್ಕೆ ಹೋಗದೆ ಉತ್ತರಿಸಲಾಗದ ಪ್ರಶ್ನೆಯಾಗಿರಬೇಕು. ಪಟ್ಟದಕಲ್ಲನ್ನು ಯಾರು ಕಟ್ಟಿಸಿದರು ಎಂಬುದಕ್ಕೆ ಉತ್ತರ ಪುಸ್ತಕದಲ್ಲಿದೆ. ಅಲ್ಲಿನ ಕಂಬಗಳ ಮೇಲೆ ರಾಮಾಯಣದ ಯಾವ ಪ್ರಸಂಗಗಳನ್ನು ಆರಿಸಿಕೊಳ್ಳಲಾಗಿದೆ, ಯಾವುದನ್ನು ಬಿಡಲಾಗಿದೆ ಎಂಬುದಕ್ಕೆ ಹೋಗಿಯೇ ನೋಡಬೇಕು. ಮರಳಿದ ಮೇಲೆ ಕನಿಷ್ಠ ಒಂದು ವಾರದ ಸಮಾಜ ವಿಜ್ಞಾನ ಮತ್ತು ಕನ್ನಡ ಅವಧಿಗಳು ಪ್ರವಾಸದ ಟಿಪ್ಪಣಿಗಳಿಗೇ ಮೀಸಲಾಗಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡವಿರುವ ಶಾಲೆಗಳು ಈ ಸಮಯವನ್ನು ನಷ್ಟವೆಂದು ಎಣಿಸುವುದು ಸಹಜ. ಆದರೆ ಒಮ್ಮೆ ಕಣ್ಣಾರೆ ಕಂಡು, ಅಳೆದು, ಬರೆದು, ಜಗಳವಾಡಿ ಒಪ್ಪಿಕೊಂಡ ವಿಷಯವನ್ನು ಪರೀಕ್ಷೆಗಾಗಿ ಮತ್ತೆ ಮತ್ತೆ ಉರುಹೊಡೆಸಬೇಕಾಗುವುದಿಲ್ಲ ಎಂಬುದನ್ನು ಅವು ಪರಿಗಣಿಸಬೇಕು.

ಸುರಕ್ಷತೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದುದು ರಾಜ್ಯದ ಪ್ರತಿಯೊಂದು ಶಾಲೆಯ ಮನಸ್ಸನ್ನೂ ಕಲಕಿದ ದುರಂತ. ಅಂತಹ ಘಟನೆಯ ನಂತರ ಪ್ರವಾಸವನ್ನೇ ಬೇಡವೆನ್ನುವುದು ಹೆತ್ತವರ ದೃಷ್ಟಿಯಿಂದ ಸಹಜವಾದರೂ, ದಣಿವು, ರಾತ್ರಿ ಪ್ರಯಾಣ, ಪರಿಚಯವಿಲ್ಲದ ನೀರು, ಒಬ್ಬಿಬ್ಬರು ಶಿಕ್ಷಕರ ಮೇಲೆ ಬೀಳುವ ದೊಡ್ಡ ಗುಂಪಿನ ಹೊಣೆ, ಇವು ಅಪಾಯವನ್ನು ಹೆಚ್ಚಿಸುವ ಕಾರಣಗಳೆಂದು ಗುರುತಿಸಿ ಅವುಗಳನ್ನು ತೆಗೆದುಹಾಕುವುದೇ ಸರಿಯಾದ ದಾರಿ. ಹಗಲಿನಲ್ಲಿಯೇ ಮುಗಿಯುವ ಹತ್ತಿರದ ಪ್ರವಾಸದಲ್ಲಿ ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಇಲ್ಲವಾಗುತ್ತವೆ. ಹಗೇವಿನೊಳಗೆ ಇಳಿಯುವುದು, ಕಾಲುವೆಗೆ ಕಾಲಿಡುವುದು, ಹೊಳೆಯಲ್ಲಿ ಈಜುವುದು ಎಂತಹ ಸಂದರ್ಭದಲ್ಲಿಯೂ ಕೂಡದು. ಹೆಣ್ಣುಮಕ್ಕಳ ವಿಷಯದಲ್ಲಿ ಮತ್ತೊಂದು ಮಾತನ್ನು ಬಿಡಿಸಿ ಹೇಳಲೇಬೇಕು: ಶೌಚಾಲಯ ಎಲ್ಲಿದೆ, ಅದರಲ್ಲಿ ನೀರಿದೆಯೇ ಎಂಬುದನ್ನು ಶಿಕ್ಷಕಿಯೊಬ್ಬರು ಮುಂಚಿತವಾಗಿ ಹೋಗಿ ನೋಡಿ ಬರದಿದ್ದರೆ, ಬಾಲಕಿಯರು ಬೆಳಗಿನಿಂದ ನೀರನ್ನೇ ಕುಡಿಯದೆ ಬಿಸಿಲಿನಲ್ಲಿ ನಡೆಯುತ್ತಾರೆ. ಬಾಯಾರಿ ತಲೆನೋವಿನಿಂದ ಕುಳಿತ ಮಗು ಯಾವ ಶಿಖರವನ್ನೂ ನೋಡಲಾರದು.

ಈ ಎಲ್ಲವೂ ಸಾಧ್ಯವಾಗಬೇಕಾದರೆ ಪ್ರವಾಸದ ಸಿದ್ಧತೆ ಡಿಸೆಂಬರಿಗೆ ಅಲ್ಲ, ಶಾಲೆ ತೆರೆದ ಜೂನ್ ತಿಂಗಳಿಗೇ ಆರಂಭವಾಗಬೇಕು. ಶಾಲಾಭಿವೃದ್ಧಿ ಸಮಿತಿಯ ಮೊದಲ ಸಭೆಯಲ್ಲಿಯೇ ಮೂರು ತರಗತಿಗಳಿಗೂ ಸ್ಥಳಗಳನ್ನು ಗೊತ್ತುಪಡಿಸಿ, ವಿಷಯ ಶಿಕ್ಷಕರೆಲ್ಲ ತಮ್ಮ ತಮ್ಮ ಪಾಠಯೋಜನೆಯಲ್ಲಿ ಅವುಗಳನ್ನು ನಮೂದಿಸಿ, ತಿಂಗಳಿಗೊಂದು ಶನಿವಾರವನ್ನು ಊರೊಳಗಿನ ಕ್ಷೇತ್ರಕಾರ್ಯಕ್ಕೆ ಬಿಟ್ಟುಕೊಟ್ಟು, ಬಸ್ಸಿನ ವೆಚ್ಚವನ್ನು ಊರಿನ ಸಹಕಾರ ಸಂಘ, ಹಳೆಯ ವಿದ್ಯಾರ್ಥಿಗಳು, ದಾನಿಗಳಿಂದ ಹೊಂದಿಸಿದರೆ ತರಗತಿಯ ಒಂದು ಮಗುವೂ ಹಿಂದೆ ಉಳಿಯಬೇಕಾಗಿಲ್ಲ. ದತ್ತಿ ಇಡುವವರು ಬಹುಮಾನಕ್ಕೆ, ಉಪನ್ಯಾಸಕ್ಕೆ ಹಣ ಇಡುವಂತೆಯೇ ಪ್ರತಿವರ್ಷ ಒಂದು ತರಗತಿಯ ಒಂದು ದಿನದ ಬಸ್ಸಿಗೂ ಇಡಬಹುದು. ಮಕ್ಕಳು ಬರೆದ ಹಗೇವಿನ ನಕ್ಷೆ, ಮಣ್ಣಿನ ಪ್ರಯೋಗದ ಫಲಿತಾಂಶ, ಹಿರಿಯರ ಮಾತಿನ ದಾಖಲೆ ಇವುಗಳನ್ನು ಪುಸ್ತಕರೂಪದಲ್ಲಿ ಕಟ್ಟಿ ಶಾಲೆಯ ಗ್ರಂಥಾಲಯದಲ್ಲಿ ಇರಿಸಿ, ಮುಂದಿನ ವರ್ಷದ ತರಗತಿಯು ಅವನ್ನು ಓದಿ, ತಪ್ಪಿದ್ದಲ್ಲಿ ತಿದ್ದಿ, ಬಿಟ್ಟುಹೋದ ಓಣಿಯಿಂದ ತನ್ನ ಕೆಲಸವನ್ನು ಆರಂಭಿಸುವಂತೆ ಮುಖ್ಯೋಪಾಧ್ಯಾಯರು ಏರ್ಪಾಡು ಮಾಡಬೇಕು.